‘ನೋಂತು ಮುಡಿಪ್ಪಿದರ್’: ಮುಗಿಸಿದ್ದು ವ್ರತವನ್ನೋ, ಬದುಕನ್ನೋ?

ಗೆಳೆಯರೇ,

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು 7ನೇ ಶತಮಾನದ ಪುಟ್ಟ ಶಾಸನಗಳಿವೆ. ಹಂತ ಹಂತವಾಗಿ ಅನ್ನ ನೀರು ಬಿಟ್ಟು ತೀರಿಕೊಂಡ ಜೈನ ಮುನಿಗಳ, ಕಂತಿಯರ (ಸನ್ಯಾಸಿನಿಯರ) ನೆನಪಿಗೆ ಕೆತ್ತಿಸಿದವು. ಒಂದರಲ್ಲಿ ಚಿತ್ತೂರಿನ ಮೌನಿ ಗುರುವಡಿಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ‘ನೋಂತು ಮುಡಿಪ್ಪಿದರ್’ ಎಂದಿದೆ. ಅಷ್ಟೇ, ಹೆಚ್ಚು ಮಾತಿಲ್ಲ.

‘ನೋಂತು’ ತೊಡಕಿಲ್ಲ. ವ್ರತ ಹಿಡಿದು ಎಂದರ್ಥ, ‘ನೋಂಪಿ’ ಇವತ್ತೂ ಬಳಕೆಯಲ್ಲಿದೆ. ತಲೆ ತಿನ್ನುವುದು ‘ಮುಡಿಪು’. ನಮಗೆ ಮುಡಿಪು ಎಂದರೆ ತಿರುಪತಿಗೆಂದು ಕಟ್ಟಿಡುವ ದುಡ್ಡು. ಆ ಅರ್ಥ ಹಿಡಿದು ‘ದೇಹವನ್ನು ಜಿನನಿಗೆ ಅರ್ಪಿಸಿದರು’ ಎಂದು ಓದಿದರೆ ಕೆಟ್ಟಿತು. ಜಿನ ಹರಕೆ ಕಾಣಿಕೆ ಕೇಳುವ ದೇವರಲ್ಲ. ಹಳಗನ್ನಡದ ಮುಡಿಪು ಎಂದರೆ ಮುಗಿಸು, ಕೊನೆಗಾಣಿಸು. ತಮಿಳಿನ ‘ಮುಡಿ’ಯೂ ಅದೇ.

ಸರಿ, ಮುಗಿಸಿದ್ದು ಏನನ್ನು? ಸುಮ್ನೆ ಕೇಳುತ್ತಿಲ್ಲ. ಬದುಕನ್ನೇ ಎಂದರೆ ಅದು ಆತ್ಮಹತ್ಯೆಯೇ ಎಂಬ ಪ್ರಶ್ನೆ ಏಳುತ್ತದೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಂಥಾರಾವನ್ನು, ಅಂದರೆ ಹೀಗೆ ಉಪವಾಸವಿದ್ದು ದೇಹ ಬಿಡುವ, ನಮ್ಮ ಕಡೆ ಸಲ್ಲೇಖನ ಎನ್ನುವ ಜೈನ ವ್ರತವನ್ನು, ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜೀವ ಉಳಿಸುವುದು ಸಮಾಜಕ್ಕೆ ಎಲ್ಲಕ್ಕಿಂತ ದೊಡ್ಡದು. ಜೈನರಿಗೂ ಜೀವ ದೊಡ್ಡದೇ, ಇರುವೆಯ ಜೀವವೂ! ಬೇಡವಾದದ್ದು ದೇಹದ ಮೇಲಿನ ಅಂಟು. ಜೈನರ ಶಾಸ್ತ್ರಗ್ರಂಥ ತತ್ತ್ವಾರ್ಥಸೂತ್ರದಲ್ಲಿ ಸಲ್ಲೇಖನಕ್ಕೆ ಹೇಳಿದ ದೋಷಗಳಲ್ಲಿ ಬದುಕುವ ಆಸೆಯೂ ಇದೆ, ಸಾಯುವ ಆಸೆಯೂ ಇದೆ. ಸಾಯಬೇಕೆಂದೇ ಕೂತರೆ ವ್ರತಕ್ಕೇ ದೋಷ ತಟ್ಟಿತು, ಅಲ್ವಾ?

ಆದರೆ ಆ ಆಸೆ ಹೊರಗಿನವರಿಗೆ ಕಾಣುವುದು ಹೇಗೆ? ಮಗಳು, ಹೊಯ್ಸಳ ರಾಣಿ ಶಾಂತಲೆ, 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ಅದು ವ್ರತವೋ, ಮಗಳು ಹೋದ ಸಂಕಟವೋ? ಮಗ್ಗುಲಲ್ಲಿ ಕೂತವರೂ ಬೇರೆ ಮಾಡಿ ಹೇಳಲಾರರು. ಕೋರ್ಟಿನ ಪಾಡು ಇನ್ನೂ ಕಷ್ಟ.

ನನ್ನ ಓದು ‘ವ್ರತ ಮುಗಿಸಿದರು’ ಎಂಬ ಕಡೆಗೇ ಜಾಸ್ತಿ ವಾಲುತ್ತದೆ. ‘ನೋಂತು’ ಪಕ್ಕದಲ್ಲೇ ಇದೆಯಲ್ಲ. ‘ಸತ್ತರ್’ ಎಂದು ಕೆತ್ತಬಹುದಿತ್ತು, ಕೆತ್ತಲಿಲ್ಲ. ಆದರೆ ಈ ಸಾಲುಗಳಲ್ಲಿ ‘ಏನನ್ನು’ ಎಂದು ಹೇಳುವ ಕರ್ಮಪದವೇ ಇಲ್ಲ. ‘ವ್ರತಮಂ ಮುಡಿಪಿ’ ಎಂದೋ ‘ಒಡಲಂ ಮುಡಿಪಿ’ ಎಂದೋ ಬಿಡಿಸಿ ಹೇಳಿದ ಸಾಲು ಶಾಸನದಲ್ಲಾಗಲಿ ಕಾವ್ಯದಲ್ಲಾಗಲಿ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಪೂರ್ತಿ ಪಾಠ ಕಳಿಸಿ. ನಿಘಂಟಿನ ಅರ್ಥ ಬೇಡ, ಪ್ರಯೋಗ ಬೇಕು.