ಹೊಸ ಕಾರು: ಕಾಗದದ ಮೇಲೆ 21, ಕೈಗೆ ಸಿಗುತ್ತಿರುವುದು 13. ಏನೇನು ಚೆಕ್ ಮಾಡಬೇಕು?

ಹೊಸಚಾಲಕ:
ಎಲ್ಲರಿಗೂ ನಮಸ್ಕಾರ. ಕಾರು ತಗೊಂಡು ಎರಡು ತಿಂಗಳಾಯಿತು. 1.2 ಲೀಟರ್ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರ್. 1,900 ಕಿ.ಮೀ. ಓಡಿದೆ. ಕಂಪನಿ ಲೆಕ್ಕದಲ್ಲಿ ಲೀಟರಿಗೆ 21.2 ಕಿ.ಮೀ. ಡಿಸ್‌ಪ್ಲೇ ತೋರಿಸುವುದು 13.8. ಸರ್ವಿಸ್‌ನವರು ಸ್ಕ್ಯಾನ್ ಮಾಡಿ, "ಯಾವ ಎರರೂ ಇಲ್ಲ, ಓಡ್ತಾ ಓಡ್ತಾ ಸರಿಹೋಗುತ್ತೆ" ಅಂದರು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ತಗೊಂಡ ಕಾರು. ಆ ನಂಬರ್ ನೋಡಿದಾಗಲೆಲ್ಲ ಹೊಟ್ಟೆ ಚುರ್ ಅನ್ನುತ್ತದೆ. ಕಾರಲ್ಲೇ ದೋಷ ಇದೆಯಾ, ಇಲ್ಲಾ ನಾನು ಓಡಿಸುವುದೇ ಸರಿಯಿಲ್ವಾ?

ಐದನೇಗೇರ್:
ಮೊದಲು ಡಿಸ್‌ಪ್ಲೇ ಪಕ್ಕಕ್ಕಿಡಿ. ಅದು ಕಂಪ್ಯೂಟರ್ ಹಾಕುವ ಅಂದಾಜು, ಎಷ್ಟೋ ಕಾರುಗಳಲ್ಲಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ನಾಝಲ್ ಮೊದಲ ಸಲ ಕಟ್ ಆದಾಗ ನಿಲ್ಲಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಅದೇ ಪಂಪ್‌ನಲ್ಲಿ ಮತ್ತೆ ಮೊದಲ ಕಟ್‌ವರೆಗೆ ಹಾಕಿಸಿ. ಓಡಿದ ಕಿ.ಮೀ.ಯನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಎರಡು ಮೂರು ಟ್ಯಾಂಕ್ ಮಾಡಿದರೆ ಪ್ರತಿ ಸಲದ ಮೈಲೇಜ್ ಕೂಡಿಸಿ ಸರಾಸರಿ ತೆಗೆಯಬೇಡಿ. ಒಟ್ಟು ಕಿ.ಮೀ., ಒಟ್ಟು ಲೀಟರ್, ಅಷ್ಟೇ.

ಇನ್ನೊಂದು ಮಾತು. ದಿನದ ಓಡಾಟ ಎಷ್ಟು ದೂರ, ಎಷ್ಟು ಹೊತ್ತು? ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ಎಷ್ಟಿದೆ?

ಹೊಸಚಾಲಕ:
ನೀವು ಹೇಳಿದ ಹಾಗೇ ಮಾಡಿದೆ. 412 ಕಿ.ಮೀ.ಗೆ 31.9 ಲೀಟರ್. ಅಂದರೆ 12.9! ಡಿಸ್‌ಪ್ಲೇಗಿಂತಲೂ ಕಮ್ಮಿ. ಆಫೀಸಿಗೆ 9 ಕಿ.ಮೀ., 40 ನಿಮಿಷ ಬೇಕು. ಸರಾಸರಿ ವೇಗ 14 ಅಂತ ಬರುತ್ತಿದೆ. ಎಸಿ ಯಾವಾಗಲೂ ಆನ್.

ಐದನೇಗೇರ್:
ಆ 14ರಲ್ಲೇ ಅರ್ಧ ಉತ್ತರ ಇದೆ.

ಕಂಪನಿ ನಂಬರ್ ಬರುವುದು ಲ್ಯಾಬ್‌ನಲ್ಲಿ, ರೋಲರ್ ಮೇಲೆ ಕಾರು ಓಡಿಸಿ. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯಲ್ಲಿ ಸುಮಾರು 11 ಕಿ.ಮೀ., 20 ನಿಮಿಷ, ಸರಾಸರಿ ವೇಗ 33ರ ಆಸುಪಾಸು. 2017ರಿಂದ ಅದರ ಜಾಗಕ್ಕೆ ಬಂದ ಡಬ್ಲ್ಯುಎಲ್‌ಟಿಪಿಯಲ್ಲಿ 23 ಕಿ.ಮೀ., 30 ನಿಮಿಷ, ಸರಾಸರಿ 46. ಎರಡರಲ್ಲೂ ಎಸಿ ಆಫ್. ನಿಮ್ಮ ಕಾಗದದಲ್ಲಿ ಯಾವ ಪರೀಕ್ಷೆ ಅಂತ ನೋಡಿ. ಯಾವುದೇ ಇರಲಿ, ಗಂಟೆಗೆ 14 ಕಿ.ಮೀ. ವೇಗದ ಓಡಾಟವನ್ನು ಅಲ್ಲಿ ಅಳೆದಿರುವುದಿಲ್ಲ.

ಒಂದು ಲೆಕ್ಕ ಹಾಕೋಣ. 40 ನಿಮಿಷದಲ್ಲಿ 15 ನಿಮಿಷ ನಿಂತೇ ಇರುತ್ತೀರಿ ಅಂತ ಇಟ್ಟುಕೊಳ್ಳಿ. ಎಸಿ ಹಾಕಿ ನಿಂತ ಇಂಥ ಎಂಜಿನ್ ಗಂಟೆಗೆ 0.9 ಲೀಟರ್ ಕುಡಿದರೆ, ಆ 15 ನಿಮಿಷಕ್ಕೆ 0.22 ಲೀಟರ್. ಉಳಿದ ಹೊತ್ತು 18ರ ಮೈಲೇಜಿನಲ್ಲೇ ಓಡಿದರೂ 9 ಕಿ.ಮೀ.ಗೆ ಅರ್ಧ ಲೀಟರ್. ಎರಡೂ ಸೇರಿ 0.72. ಮೈಲೇಜ್ 12.5ಕ್ಕೆ ಬಂತು ನೋಡಿ. ಕಾರಲ್ಲಿ ಏನೂ ಕೆಡದೆಯೇ! ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಜಾಸ್ತಿ ಪೆಟ್ರೋಲ್ ಬೇಕು, ಅದನ್ನು ನಾನಿಲ್ಲಿ ಸೇರಿಸಿಯೇ ಇಲ್ಲ. 9 ಕಿ.ಮೀ. ಓಟದಲ್ಲಿ ಅದೂ ಒಳ್ಳೇ ಪಾಲೇ.

ಟೂಲ್‌ಬಾಕ್ಸ್:
ಲೆಕ್ಕ ಒಪ್ಪಿದೆ. ಆದರೆ ಕಾರನ್ನು ಒಮ್ಮೆ ನೋಡದೆ "ಟ್ರಾಫಿಕ್" ಅಂತ ಬಿಡಬಾರದು. ಸ್ಕ್ಯಾನರ್‌ಗೆ ಸಿಗದ ತೊಂದರೆಗಳೂ ಇರುತ್ತವೆ.

ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಖಾಲಿ ರಸ್ತೆಯಲ್ಲಿ ಐದಾರು ಕಿ.ಮೀ. ಹೋಗಿ, ಬ್ರೇಕ್ ಆದಷ್ಟು ಕಮ್ಮಿ ಬಳಸಿ, ಕಾರು ತಾನಾಗೇ ನಿಧಾನವಾಗಲು ಬಿಡಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಎಡ-ಬಲ ಹೋಲಿಸಿ. ಒಂದೇ ಚಕ್ರ ಜೋರಾಗಿ ಕಾದಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಟೆಂಪರೇಚರ್ ಮುಳ್ಳು ಇದ್ದರೆ ಅದು ಎಷ್ಟು ಹೊತ್ತಿಗೆ ಮಧ್ಯಕ್ಕೆ ಬರುತ್ತದೆ ಗಮನಿಸಿ. ಬರಲೇ ಇಲ್ಲ ಅಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್) ತೆರೆದೇ ಉಳಿದಿರಬಹುದು, ಆಗ ಎಂಜಿನ್ ತಣ್ಣಗೇ ಇರುತ್ತದೆ.

ಟೈರ್ ಗಾಳಿ ಎಷ್ಟಿದೆ? ಕಾರು ಓಡಿಸುವ ಮೊದಲು, ಟೈರ್ ತಣ್ಣಗಿದ್ದಾಗ ನೋಡಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲು ತೆಗೆದರೆ ಸ್ಟಿಕರ್ ಮೇಲೆ ಇರುತ್ತದೆ.

ಹೊಸಚಾಲಕ:
ಗಾಳಿ 27 ಇದೆ. ಸ್ಟಿಕರ್‌ನಲ್ಲಿ 33! ಹೊಂಡದ ರಸ್ತೆಯಲ್ಲಿ ಕುಲುಕಾಟ ಕಮ್ಮಿಯಾಗಲಿ ಅಂತ ನಾನೇ ಇಳಿಸಿದ್ದೆ. ಬ್ರೇಕ್ ನೋಡಿದೆ, ಎಡ-ಬಲ ಒಂದೇ ಥರ ಬೆಚ್ಚಗಿದೆ. ಮುಳ್ಳು ಏಳೆಂಟು ನಿಮಿಷಕ್ಕೆ ಮಧ್ಯಕ್ಕೆ ಬಂತು.

ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ಬಿಡುತ್ತೇನೆ, ಅದರಿಂದ ಉಳಿಯುತ್ತೆ ಅಲ್ವಾ?

ಟೂಲ್‌ಬಾಕ್ಸ್:
ದಯವಿಟ್ಟು ಅದನ್ನು ಬಿಡಿ. ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಈಗಿನ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಲೇ ಇರಬೇಕು. ಅದಕ್ಕಿಂತ ಮುಖ್ಯ, ಗೇರ್‌ನಲ್ಲಿದ್ದಾಗ ಎಂಜಿನ್ನೇ ಕಾರನ್ನು ಹಿಡಿದು ನಿಧಾನ ಮಾಡುವುದು (ಎಂಜಿನ್ ಬ್ರೇಕ್) ಇಲ್ಲದೆ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಇಳಿಜಾರು ಉದ್ದ ಇದ್ದರೆ ಬ್ರೇಕ್ ಕಾದು ಹಿಡಿಯದೇ ಹೋಗಬಹುದು.

ಗಾಳಿ 33ಕ್ಕೆ ಏರಿಸಿ. ಮೈಲೇಜ್ ಬರೀ ಅದರಿಂದ ಜಾಸ್ತಿ ಏರುವುದಿಲ್ಲ, ಒಂದೆರಡು ಪರ್ಸೆಂಟ್ ಇರಬಹುದು. ಆದರೆ ಕಮ್ಮಿ ಗಾಳಿಯಲ್ಲಿ ಟೈರ್ ಅಂಚು ಬೇಗ ಸವೆಯುತ್ತದೆ.

ಐದನೇಗೇರ್:
ಸಾಧ್ಯವಾದರೆ ಒಂದು ಟ್ಯಾಂಕ್ ಹೊರಡುವ ಹೊತ್ತು ಬದಲಿಸಿ ನೋಡಿ. ಒಂದೆರಡು ನಿಮಿಷಕ್ಕಿಂತ ಜಾಸ್ತಿ ನಿಲ್ಲುವ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ.

ಹೊಸಚಾಲಕ:
ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಗಾಳಿ 33 ಇಟ್ಟೆ. ಮನೆಯಿಂದ 45 ನಿಮಿಷ ಮೊದಲೇ ಹೊರಡುತ್ತೇನೆ. ಅದೇ ದಾರಿ, ಎಸಿ ಆನ್. ಸರಾಸರಿ ವೇಗ 14ರಿಂದ 20ಕ್ಕೆ ಬಂತು. ಎರಡು ಟ್ಯಾಂಕ್ ಸೇರಿ 871 ಕಿ.ಮೀ., 58.4 ಲೀಟರ್. ಮೈಲೇಜ್ 14.9! ಕಾರು ಸರಿಯಿದೆ ಅಂತ ಗೊತ್ತಾದದ್ದೇ ದೊಡ್ಡ ಸಮಾಧಾನ. ಇಬ್ಬರಿಗೂ ಮನಸಾರೆ ಧನ್ಯವಾದ.

ಒಂದು ಭಾನುವಾರ ಹೆದ್ದಾರಿಯಲ್ಲಿ 80 ದಾಟದೆ 212 ಕಿ.ಮೀ. ಹೋಗಿಬಂದೆ. 10.9 ಲೀಟರ್ ಹಿಡಿಯಿತು, ಅಂದರೆ 19.4. ಆದರೆ ಇಷ್ಟು ಕಮ್ಮಿ ಪೆಟ್ರೋಲ್‌ನಲ್ಲಿ ನಾಝಲ್ ಅರ್ಧ ಲೀಟರ್ ಆಚೀಚೆ ಕಟ್ ಆದರೂ ಮೈಲೇಜ್ ಒಂದರಷ್ಟು ಬದಲಾಗುತ್ತದೆ. ದೂರದ ಪ್ರಯಾಣ ಸಿಕ್ಕಾಗ ಪೂರ್ತಿ ಟ್ಯಾಂಕ್ ಓಡಿಸಿ ಬರೆಯುತ್ತೇನೆ.