ಹನ್ನೆರಡು ವಿದ್ಯಾರ್ಥಿಗಳು, ಒಂದು ಮಂಗನ ಕಾಯಿಲೆ ಲೇಖನ: ವಿಕಿಪೀಡಿಯ ಕೆಲಸ ಮಾಡಿಸಿದವರು ಸ್ವಲ್ಪ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಕಾಲೇಜಿನಲ್ಲಿ ಸಮುದಾಯ ಆರೋಗ್ಯ ಪಾಠ ಮಾಡುತ್ತೇನೆ. ಈ ಸಲ ಹನ್ನೆರಡು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಕನ್ನಡ ವಿಕಿಪೀಡಿಯದ ಮಂಗನ ಕಾಯಿಲೆ ಲೇಖನವನ್ನು ತಿದ್ದಿ ಬೆಳೆಸೋಣ ಅಂತಿದ್ದೇನೆ. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಪರಿಶೀಲಿಸಬೇಕು. ಆದರೆ ತರಗತಿಯಲ್ಲಿ ಸಣ್ಣದಾಗಿ ಮಾಡಿಸಿ ನೋಡಿದಾಗ ಎಲ್ಲರೂ ಎಲ್ಲರಿಗೂ "ಚೆನ್ನಾಗಿದೆ" ಅಂತ ಬರೆದು ಕೈ ತೊಳೆದುಕೊಂಡರು. ನೀವು ಕೆಲಸ ಹೇಗೆ ಹಂಚಿದಿರಿ? ಪರಿಶೀಲನೆ ಹೇಗೆ ಮಾಡಿಸಿದಿರಿ?

ಒಬ್ಬ ಅಧ್ಯಾಪಕರು, ವೈದ್ಯಕೀಯ ಕಾಲೇಜು

ಮೇಡಂ, ಇದೇ ಲೇಖನವನ್ನು ಎರಡು ಬ್ಯಾಚಿಗೆ ಕೊಟ್ಟಿದ್ದೆ. ಮೊದಲ ಬ್ಯಾಚಿನಲ್ಲಿ ನಿಮಗೆ ಆದದ್ದೇ ಆಯಿತು. ಹಾಸ್ಟೆಲ್‌ನಲ್ಲಿ ಒಟ್ಟಿಗೆ ಊಟ ಮಾಡುವವರು ಒಬ್ಬರ ತಪ್ಪನ್ನು ಒಬ್ಬರು ಯಾಕೆ ಎತ್ತಿ ತೋರಿಸುತ್ತಾರೆ ಹೇಳಿ?

ಎರಡನೇ ಸಲ ಲೆಕ್ಕ ಬದಲಿಸಿದೆ. ಬರೆದಿದ್ದಕ್ಕೆ 10 ಅಂಕ, ಪರಿಶೀಲಿಸಿದ್ದಕ್ಕೆ 20. ಪರಿಶೀಲಿಸುವವರು ಅಡಿಟಿಪ್ಪಣಿಯಲ್ಲಿರುವ ಮೂಲವನ್ನು ತೆರೆಯಬೇಕು. ಈ ವಾಕ್ಯಕ್ಕೆ ಆಧಾರ ಯಾವ ಪುಟದ ಯಾವ ಸಾಲು ಅಂತ ಲೇಖನದ ಚರ್ಚೆ ಪುಟದಲ್ಲಿ ಬರೆಯಬೇಕು. ಸಿಗದಿದ್ದರೆ "ಸಿಗಲಿಲ್ಲ" ಅಂತ ಬರೆದರೆ ಸಾಕು, ಅದಕ್ಕೂ ಅಂಕ ಇದೆ. "ಚೆನ್ನಾಗಿದೆ" ಅಂದರೆ ಸೊನ್ನೆ.

ಏನಾಯಿತು ನೋಡಿ. ಮಂಡ್ಯದ ಹುಡುಗ ಬರೆದಿದ್ದ: "ಈ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಇದು ಮಂಗಗಳಿಂದ ಮನುಷ್ಯರಿಗೆ ಹರಡುತ್ತದೆ." ಎರಡು ವಾಕ್ಯಕ್ಕೂ ಒಂದೇ ಅಡಿಟಿಪ್ಪಣಿ. ಓದಿದರೆ ಏನೂ ತಪ್ಪು ಕಾಣಲ್ಲ, ನನಗೂ ಕಂಡಿರಲಿಲ್ಲ. ಪರಿಶೀಲನೆಗೆ ಸಿಕ್ಕವಳು ಸಾಗರದ ಕಡೆಯ ಹುಡುಗಿ. "ಮಂಗಕ್ಕೆ ಕಚ್ಚೋದೂ ಉಣುಗು, ನಮಗೆ ಕಚ್ಚೋದೂ ಉಣುಗು. ಮಂಗ ಎಲ್ಲಿಂದ ಹರಡುತ್ತೆ?" ಅಂತ ಬರೆದಳು. (ಉಣುಗು ಅಂದರೆ ಪ್ರಾಣಿಗಳ ಮೈಗೆ ಅಂಟಿಕೊಂಡು ರಕ್ತ ಹೀರುವ ಸಣ್ಣ ಜೀವಿ, ಇಂಗ್ಲಿಷಿನ ಟಿಕ್.) ಆದರೆ ಮೂಲ ತೆರೆದಾಗ ಅವಳೂ ಪೂರ್ತಿ ಸರಿ ಇರಲಿಲ್ಲ. ಕಾಯಿಲೆ ಬಿದ್ದ ಅಥವಾ ಈಗಷ್ಟೇ ಸತ್ತ ಮಂಗವನ್ನು ಮುಟ್ಟಿದರೂ ಬರಬಹುದು ಅಂತ ಅಲ್ಲೇ ಇತ್ತು. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ ಅನ್ನೋದೂ ಇತ್ತು. ಅದನ್ನು ಇಬ್ಬರೂ ಬಿಟ್ಟಿದ್ದರು. ಒಂದು ವಾಕ್ಯ ಹೋಗಿ ಮೂರು ವಾಕ್ಯ ಆಯಿತು.

ಆಮೇಲೆ ಪದದ ಜಗಳ. ಇವನು "ಉಣ್ಣೆ" ಅಂತ ತಿದ್ದಿದ. ಅವಳು "ಉಣ್ಣೆ ಅಂದ್ರೆ ಸ್ವೆಟರ್ ಅನ್ಕೋತಾರೆ" ಅಂದಳು. ಚರ್ಚೆ ಪುಟದಲ್ಲಿ ಹನ್ನೊಂದು ಸಂದೇಶ! ಕೊನೆಗೆ ಮೊದಲ ಸಲ ಬರುವಲ್ಲಿ ಉಣುಗು, ಉಣ್ಣಿ ಎರಡೂ ಇರಲಿ, ಮುಂದೆಲ್ಲ ಉಣುಗು ಅಂತ ಒಪ್ಪಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಹಾಕಬೇಡಿ ನೀವೂ.

ಬಹುಕಾಲದಿಂದ ವಿಕಿಪೀಡಿಯ ಸಂಪಾದಕ

ಸರ್ ಹೇಳಿದ್ದು ಸರಿ. ನಾನು ಬರೀ ತಾಂತ್ರಿಕ ತಲೆನೋವು ಹೇಳುತ್ತೇನೆ. ಕಾಲೇಜಿನ ಲ್ಯಾಬ್‌ನಲ್ಲಿ ಕೂತು ಹನ್ನೆರಡೂ ಜನ ಒಟ್ಟಿಗೆ ಖಾತೆ ತೆರೆಯಲು ಹೋದರೆ ಏಳನೆಯವರಿಗೆ ಬಾಗಿಲು ಮುಚ್ಚುತ್ತದೆ. ಒಂದೇ ಐಪಿ ವಿಳಾಸದಿಂದ, ಅಂದರೆ ಒಂದೇ ಇಂಟರ್ನೆಟ್ ಸಂಪರ್ಕದಿಂದ, ದಿನಕ್ಕೆ 6 ಖಾತೆ ಅಷ್ಟೇ. ಮನೆಯಿಂದ, ಅವರವರ ಮೊಬೈಲ್ ಡೇಟಾದಲ್ಲಿ ಮೊದಲೇ ಮಾಡಿಸಿ.

ನೇರ ಲೇಖನದಲ್ಲಿ ಬರೆಸಬೇಡಿ. ಎಲ್ಲರಿಗೂ ಪ್ರಯೋಗಪುಟ ಇರುತ್ತದೆ, ಮೊದಲು ಅಲ್ಲಿ ಬರೆಯಲಿ. ಲೇಖನಕ್ಕೆ ಹಾಕುವಾಗ ಒಬ್ಬೊಬ್ಬರೇ, ಒಂದೊಂದೇ ವಿಭಾಗ. ಇಲ್ಲದಿದ್ದರೆ ಇಬ್ಬರು ಒಂದೇ ಹೊತ್ತಿಗೆ ಉಳಿಸಲು ಹೋಗಿ ಸಂಪಾದನಾ ಸಂಘರ್ಷ ಬರುತ್ತದೆ. ಹುಡುಗರು ಗಾಬರಿಯಾಗಿ ಬರೆದದ್ದನ್ನೇ ಕಳೆದುಕೊಳ್ಳುತ್ತಾರೆ.

ನಕಲಿನ ವಿಷಯದಲ್ಲಿ ದಯವಿಟ್ಟು ಬಿಗಿಯಾಗಿರಿ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸುವ ದೊಡ್ಡ ಕಾರ್ಯಕ್ರಮ ನಡೆದಿತ್ತು. ಪಠ್ಯಪುಸ್ತಕ, ವೆಬ್‌ಸೈಟುಗಳಿಂದ ಎತ್ತಿ ಅಂಟಿಸಿದ್ದು ಎಷ್ಟು ಜಾಸ್ತಿಯಾಯಿತೆಂದರೆ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಅದನ್ನು ಸ್ವಚ್ಛ ಮಾಡಿದ್ದು ನಮ್ಮಂಥ ಸ್ವಯಂಸೇವಕರು. ಆ ನೋವು ಇನ್ನೂ ಇದೆ!

ವೈದ್ಯಕೀಯ ಲೇಖನಗಳ ಮೂಲಕ್ಕೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬೇರೆಯೇ ಮಾರ್ಗಸೂಚಿ ಇದೆ. ನೀವೂ ಅದನ್ನೇ ಹಿಡಿಯಿರಿ. ಒಂದೇ ಒಂದು ಹೊಸ ಪ್ರಯೋಗದ ವರದಿ ಬೇಡ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ಬರೆದ ವಿಮರ್ಶಾ ಲೇಖನ, ಒಳ್ಳೆಯ ಪಠ್ಯಪುಸ್ತಕ, ವಿಶ್ವ ಆರೋಗ್ಯ ಸಂಸ್ಥೆಯಂಥವರ ಪ್ರಕಟಣೆ ಬೇಕು. ಆದಷ್ಟು ಕಳೆದ ಐದು ವರ್ಷದ್ದು. ಮಂಗನ ಕಾಯಿಲೆಯಲ್ಲಿ ಇದು ಸುಮ್ನೆ ಶಾಸ್ತ್ರಕ್ಕಲ್ಲ. ಹಳೆಯ ಪುಸ್ತಕ ತೆರೆದರೆ "ಲಸಿಕೆ ಇದೆ, ತಿಂಗಳ ಅಂತರದಲ್ಲಿ ಎರಡು ಡೋಸ್" ಅಂತ ಇರುತ್ತದೆ. ಆ ಲಸಿಕೆ ಕೊಡುವುದು ಈಗ ನಿಂತಿದೆ. ಅದನ್ನು ಓದಿ ಯಾರೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಕೇಳಿದರೆ? ಔಷಧಿಯ ಡೋಸ್ ಬರೆಯುವುದೂ ಬೇಡ, "ಹೀಗೆ ಮಾಡಿ, ಹಾಗೆ ಮಾಡಿ" ಅಂತ ರೋಗಿಗೆ ಸಲಹೆಯೂ ಬೇಡ. ಅದು ವಿಶ್ವಕೋಶದ ಕೆಲಸ ಅಲ್ಲ.

ಹಳೆಯ ವಿದ್ಯಾರ್ಥಿನಿ, ಈಗ ಸ್ಟಾಫ್ ನರ್ಸ್

ವಿದ್ಯಾರ್ಥಿಗಳ ಕಡೆಯಿಂದಲೂ ಒಂದು ಮಾತು ಹೇಳ್ಲಾ ಮೇಡಂ? ನಾನು ಎರಡು ವಾರ ಕೂತು ಬರೆದ ಪ್ಯಾರಾವನ್ನು ನನ್ನ ರೂಮ್‌ಮೇಟ್ ಅರ್ಧ ತೆಗೆದುಹಾಕಿದಳು. ನಾಲ್ಕು ದಿನ ಮಾತು ಬಿಟ್ಟಿದ್ದೆ. ಅವಳು ಮಾಡಿದ್ದು ಸರಿಯೇ, ಆದರೆ ಕಾರಣ ಬರೆದಿರಲಿಲ್ಲ. ತೆಗೆಯುವ ಮೊದಲು ಚರ್ಚೆ ಪುಟದಲ್ಲಿ ಕೇಳಬೇಕು, ಒಂದು ದಿನ ಕಾಯಬೇಕು ಅಂತ ಮೊದಲೇ ನಿಯಮ ಮಾಡಿ.

ಇನ್ನೊಂದು, ಬರೆದಿದ್ದನ್ನು ಮನೆಯವರಿಗೆ ಜೋರಾಗಿ ಓದಿಸಿ. ನಾನು "ಕೆಲವು ರೋಗಿಗಳಲ್ಲಿ ಜ್ವರವು ದ್ವಿಹಂತೀಯವಾಗಿರುತ್ತದೆ" ಅಂತ ಬರೆದಿದ್ದೆ. ಅಮ್ಮ "ಅಂದ್ರೆ ಬಿಟ್ಟು ಬರತ್ತಾ?" ಅಂದರು. ಅಷ್ಟೇ! "ನೂರರಲ್ಲಿ 10ರಿಂದ 20 ಮಂದಿಗೆ ಬಿಟ್ಟ ಜ್ವರ ಮೂರನೇ ವಾರದಲ್ಲಿ ಮತ್ತೆ ಬರುತ್ತದೆ, ಆಗ ತಲೆನೋವು, ನಡುಕ, ದೃಷ್ಟಿ ಮಂಜಾಗುವುದು ಇರಬಹುದು" ಅಂತ ತಿದ್ದಿದೆ. ಮೂಲದಲ್ಲಿ ಇದ್ದದ್ದೂ ಅದೇ ಅಲ್ವಾ?

ಇನ್ನೊಬ್ಬರು

ಪ್ರಿನ್ಸಿಪಾಲರು "ವಿಕಿಪೀಡಿಯನಾ?" ಅಂತ ಮೂಗು ಮುರಿದರೆ ಎರಡು ಉದಾಹರಣೆ ಇಟ್ಟುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2013ರಲ್ಲೇ ಕೊನೆಯ ವರ್ಷದ ವೈದ್ಯ ವಿದ್ಯಾರ್ಥಿಗಳಿಗೆ ಈ ಕೆಲಸಕ್ಕೆ ಕ್ರೆಡಿಟ್ ಕೊಡಲು ಶುರು ಮಾಡಿತು. ಇಂಗ್ಲಿಷ್ ವಿಕಿಪೀಡಿಯದ ಡೆಂಗಿ ಜ್ವರದ ಲೇಖನ 2014ರಲ್ಲಿ ತಜ್ಞರ ಪರಿಶೀಲನೆ ದಾಟಿ ಓಪನ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮವರಿಗೆ ಎರಡನೆಯದನ್ನು ಹೇಳಿದ ಮೇಲೆ ಸಹಿ ಬಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಅಂಕದ ಲೆಕ್ಕ ಇವತ್ತೇ ಬದಲಿಸಿದೆ. ತೀರ್ಥಹಳ್ಳಿಯ ಇಬ್ಬರಿದ್ದಾರೆ, ಅವರನ್ನು ಬರೆಯಲು ಹಾಕಿದ್ದೆ, ಈಗ ಪರಿಶೀಲನೆಗೆ ಹಾಕುತ್ತೇನೆ. ಖಾತೆ ಭಾನುವಾರ ಮನೆಯಿಂದಲೇ ತೆರೆಯಲು ಹೇಳಿದ್ದೇನೆ. ಒಬ್ಬಳು ಆಗಲೇ ಕೇಳಿದ್ದಾಳೆ, "ಮೇಡಂ, ನಮ್ಮಜ್ಜಿ ಉಣುಗಿಗೆ ಬೇರೆ ಏನೋ ಅಂತಾರೆ, ಅದನ್ನೂ ಹಾಕಬಹುದಾ?" ಚರ್ಚೆ ಪುಟದಲ್ಲಿ ಕೇಳು ಅಂದೆ.