1896ರ ಎಕ್ಸ್-ರೇ ಮೀನು, ಕಪ್ಪೆ ಚಿತ್ರ ಗೋಡೆಗೆ ಹಾಕೋದು: ಪ್ರಿಂಟ್, ಫ್ರೇಮ್ ಹೇಗೆ? (ಕಾರವಾರ)

ಕೋಡಿಬಾಗ_ಮನೆ:
ಹಾಲ್‌ನ ಪಡುಗೋಡೆಗೆ ಹಳೇ ಎಕ್ಸ್-ರೇ ಚಿತ್ರ ಮೂರು ಹಾಕಬೇಕು. ವಿಯೆನ್ನಾದಲ್ಲಿ 1896ರಲ್ಲಿ ಅಚ್ಚಾದ ಮೀನು, ಕಪ್ಪೆಗಳವು. ಮನೆ ಚಿರೆಕಲ್ಲಿನದು, ಕಡಲು ಅರ್ಧ ಕಿಲೋಮೀಟರ್. ಫೈಲ್‌ಗೆ ಹಕ್ಕಿನ ತಕರಾರು ಇದೆಯಾ? 24×36 ಇಂಚಿಗೆ ಹಿಗ್ಗಿಸಬಹುದಾ? ಅಂಗಡಿಯವರು ನೀಲಿ ಬಣ್ಣ ಕೊಟ್ಟರೆ ಅಸಲಿ ಎಕ್ಸ್-ರೇ ಥರ ಕಾಣ್ತದೆ ಅಂತಾರೆ, ಸರಿಯಾ? ಇಲ್ಲಿನ ಬಂಗಡೆ, ಪಾಪ್ಲೇಟಿನದೇ ಎಕ್ಸ್-ರೇ ತೆಗೆಸಿದರೆ ಹೇಗೆ?

ತಾಮ್ರದಚ್ಚು:
ನೀಲಿ ಬೇಡವೇ ಬೇಡ. ಆ ನೀಲಿ ಆಮೇಲೆ ಬಂದ ಆಸ್ಪತ್ರೆ ಫಿಲ್ಮಿನದು. 1896ರಲ್ಲಿ ಇದ್ದದ್ದು ಗಾಜಿನ ಪ್ಲೇಟು. ಎಕ್ಸ್-ರೇ ಕಂಡುಹಿಡಿದ ರಾಂಟ್ಜನ್ ತಮ್ಮ ಶೋಧವನ್ನು ಬರೆದು ಒಪ್ಪಿಸಿದ್ದು 1895ರ ಡಿಸೆಂಬರ್ ಕೊನೆಗೆ. ಮರುವರ್ಷವೇ ಜೋಸೆಫ್ ಮರಿಯಾ ಎಡರ್ ಮತ್ತು ಎಡುವರ್ಡ್ ವಲೆಂಟಾ ವಿಯೆನ್ನಾದಲ್ಲಿ 15 ಚಿತ್ರಗಳ ಸಂಪುಟ ತಂದರು, ನಿಮ್ಮ ಮೀನು, ಕಪ್ಪೆ ಅದರದ್ದೇ. ಅವು ಫೋಟೊಗ್ರಾವ್ಯೂರ್. ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಒತ್ತಿದ್ದು. ಹಾಗಾಗಿ ಅದರ ಕಪ್ಪು ಅಚ್ಚಿನ ಶಾಯಿಯ ಕಪ್ಪು, ತುಸು ಬೆಚ್ಚಗಿನದು.

ಅಂಗಡಿಯವರು ಮಾಡುವ ಇನ್ನೊಂದು ಎಡವಟ್ಟು ಇನ್ವರ್ಟ್, ಅಂದರೆ ಕಪ್ಪು-ಬಿಳಿ ಅದಲುಬದಲು. ಮೂಳೆ ಕಿರಣ ತಡೆಯುತ್ತದೆ, ಅಲ್ಲಿ ಪ್ಲೇಟು ಕಪ್ಪಾಗುವುದಿಲ್ಲ. ಆ ಪ್ಲೇಟಿನಿಂದ ನೇರ ಕಾಗದಕ್ಕೆ ಪ್ರಿಂಟ್ ತೆಗೆದರೆ ಮೂಳೆ ಕಪ್ಪು, ಹಿನ್ನೆಲೆ ಬಿಳಿ. ನಡುವೆ ಇನ್ನೊಂದು ಪ್ರತಿ ಮಾಡಿಕೊಂಡರೆ ಉಲ್ಟಾ. ಎರಡೂ ನ್ಯಾಯವೇ. ಫೈಲಿನಲ್ಲಿ ಹೇಗಿದೆಯೋ ಹಾಗೇ ಬಿಡಿ.

ಹಕ್ಕಿನ ಚಿಂತೆ ಇಲ್ಲ. ವಲೆಂಟಾ ತೀರಿಕೊಂಡದ್ದು 1937, ಎಡರ್ 1944. ನಮ್ಮಲ್ಲಿ ಲೇಖಕನ ಮರಣಾನಂತರ 60 ವರ್ಷ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ 2017ರಿಂದ ಇಂಥ ಹಳೇ ಚಿತ್ರಗಳನ್ನು ಮುಕ್ತವಾಗಿ ಕೊಡುತ್ತಿದೆ, ಪುಟದಲ್ಲಿ 'ಓಪನ್ ಆಕ್ಸೆಸ್' ಗುರುತು ನೋಡಿ ಇಳಿಸಿಕೊಳ್ಳಿ.

24×36ಕ್ಕೆ ಲೆಕ್ಕ ಹಾಕಿ. ಉದ್ದ ಬದಿ 3600 ಪಿಕ್ಸೆಲ್ ಇದ್ದರೆ ಇಂಚಿಗೆ 300 ಪಿಕ್ಸೆಲ್‌ನಂತೆ ಭಾಗಿಸಿ, 12 ಇಂಚು. ಆರಡಿ ದೂರದಿಂದ ನೋಡುವುದಾದರೆ 200 ಸಾಕು, 18 ಇಂಚು. ಅದಕ್ಕೂ ಮೀರಿ ಎಳೆದರೆ ಈಜುರೆಕ್ಕೆಯ ಕಡ್ಡಿಗಳು ಒಂದಕ್ಕೊಂದು ಅಂಟಿ ಮಸುಕಾಗುತ್ತವೆ, ಚಿತ್ರದ ಜೀವವೇ ಅಲ್ಲಿರುವುದು. ಚಿತ್ರ 10×12 ಇಟ್ಟು 16×20 ಫ್ರೇಮಿನಲ್ಲಿ ಅಗಲ ಮೌಂಟ್ (ಚಿತ್ರದ ಸುತ್ತಲಿನ ದಪ್ಪ ರಟ್ಟಿನ ಅಂಚು) ಕೊಡಿ: ಬದಿಗೆ 3, ಮೇಲೆ 3.5, ಕೆಳಗೆ 4.5 ಇಂಚು. ಕಾಗದ 300 ಜಿಎಸ್ಎಂ ಹತ್ತಿಯ ಮ್ಯಾಟ್, ಪಿಗ್ಮೆಂಟ್ ಇಂಕು. ಹೊಳಪಿನ ಫೋಟೊ ಪೇಪರ್ ಮೇಲೆ ಗ್ರಾವ್ಯೂರ್ ಅಂದ್ರೆ ರೇಷ್ಮೆ ಸೀರೆಗೆ ಪ್ಲಾಸ್ಟಿಕ್ ಅಂಚು.

ಸಾಗವಾನಿ_ಶಿರಸಿ:
ಪಡುಗೋಡೆ ಬೇಡ ಮಾರಾಯ್ರೆ. ಮಳೆ ಹೊಡೆಯುವುದೇ ಆ ಕಡೆ, ಚಿರೆಕಲ್ಲು ನೀರು ಹೀರಿ ಒಳಗೆ ಬಿಡುತ್ತದೆ. ಎರಡು ಕೋಣೆ ನಡುವಿನ ಒಳಗೋಡೆ ಆಯ್ದುಕೊಳ್ಳಿ.

ಫ್ರೇಮ್ ಕಟ್ಟಿಸುವುದು ಜನವರಿ-ಫೆಬ್ರವರಿಯಲ್ಲಿ. ಜುಲೈನಲ್ಲಿ ಕಟ್ಟಿದರೆ ಕಾಗದ, ಮೌಂಟ್ ಬೋರ್ಡ್ ಹೀರಿಕೊಂಡ ತೇವ ಗಾಜಿನೊಳಗೇ ಸಿಕ್ಕಿಬೀಳುತ್ತದೆ. ಗಾಳಿಯ ಆರ್ದ್ರತೆ ಶೇ. 70 ದಾಟಿ ನಿಂತರೆ ಬೂಸು ಬರುತ್ತದೆ, ಕಪ್ಪು ಹಿನ್ನೆಲೆ ಮೇಲೆ ಬೂದಿ ಎರಚಿದ ಹಾಗೆ. ಗಾಜು, ಮೌಂಟ್, ಪ್ರಿಂಟ್, ಹಿಂಬೋರ್ಡ್ ನಾಲ್ಕನ್ನೂ ಒತ್ತಿ ಹಿಡಿದು ಅಂಚಿನ ಸುತ್ತ ಅಲ್ಯುಮಿನಿಯಂ ಟೇಪ್ ಸುತ್ತಿ, ಆಮೇಲೆ ಚೌಕಟ್ಟಿಗೆ ಕೂರಿಸಿ. ಪ್ರಿಂಟ್ ಗಾಜಿಗೆ ತಾಗಬಾರದು. ಮೌಂಟಿನ ದಪ್ಪವೇ ಆ ಅಂತರ.

ಪ್ರಿಂಟಿಗೆ ಗೋಂದು ಹಚ್ಚಲು ಬಿಡಬೇಡಿ, ಬೆಳ್ಳಿಹುಳ ಬರುತ್ತದೆ. ನಾಲ್ಕು ಮೂಲೆಗೆ ಪಾಲಿಯೆಸ್ಟರ್ ಫೋಟೊ ಕಾರ್ನರ್ ಸಾಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ, ಹಳೇ ಸಾಗವಾನಿ ಮಾಡಿಸಿ. ಹಿಂದೆ ನಾಲ್ಕು ಮೂಲೆಗೂ 6 ಮಿ.ಮೀ. ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಹಲ್ಲಿ ಮೊಟ್ಟೆ ಇಡುವ ಜಾಗವೂ ಅದೇ, ತಿಂಗಳಿಗೊಮ್ಮೆ ಇಣುಕಿ ನೋಡಿ.

ಡಾರ್ಕ್‌ರೂಮ್:
ಸ್ವಂತ ಮೀನಿನದು ಆಗುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಪರವಾನಗಿ ಇರುವ ಪಶುವೈದ್ಯ ಕೇಂದ್ರದಲ್ಲಿ ಕೇಳಿ, ಯಂತ್ರ ಅವರೇ ನಡೆಸಲಿ. ಸೆಟ್ಟಿಂಗು 40-45 ಕೆವಿ (ಕಿಲೋವೋಲ್ಟ್, ಕಿರಣದ ತೂರುವ ಶಕ್ತಿ ಇದರಿಂದ), ಗ್ರಿಡ್ (ಚೆದುರಿದ ಕಿರಣ ತಡೆಯುವ ಜಾಲರಿ) ಇಲ್ಲದೆ, ಟ್ಯೂಬಿನಿಂದ 100 ಸೆಂ.ಮೀ. ದೂರ. 65-70 ಕೆವಿ ಇಟ್ಟರೆ ಕಿರಣ ತೆಳು ಕಡ್ಡಿಗಳನ್ನೆಲ್ಲ ತೂರಿಹೋಗಿ ರೆಕ್ಕೆ ಮಾಯ.

ಮೀನು ತಾಜಾ ಇರಲಿ, ಮೇಲಿನ ಐಸು, ನೀರು ಒರೆಸಿ. ಕೆಳಗೆ ತೆಳು ಥರ್ಮೋಕೋಲ್, ರೆಕ್ಕೆ ಬಿಡಿಸಿ ಹಿಡಿಯಲು ಹಿಡಿಕಡ್ಡಿ ಚೂರು. ಗುಂಡುಪಿನ್ನು ಚುಚ್ಚಿದರೆ ಅದೇ ಎದ್ದು ಕಾಣುತ್ತದೆ. ಸುತ್ತಿದ ಪ್ಲಾಸ್ಟಿಕ್ಕಿನ ನೆರಿಗೆಯೂ ಕಾಣುತ್ತದೆ, ಒಂದೇ ಪದರ ಬಿಗಿಯಾಗಿ ಎಳೆಯಿರಿ. ಕೆವಿ ಸರಿ ಬಿದ್ದರೆ ತಲೆಬುರುಡೆಯೊಳಗೆ ಕಿವಿಕಲ್ಲು (ಮೀನಿನ ಒಳಗಿವಿಯ ಸುಣ್ಣದ ಹರಳು) ನುಚ್ಚಕ್ಕಿಯಂತೆ ಹೊಳೆಯುತ್ತದೆ.

ಫೈಲನ್ನು ಡೈಕಾಮ್ (ಎಕ್ಸ್-ರೇ ಯಂತ್ರದ ಮೂಲ ಫೈಲ್) ರೂಪದಲ್ಲೇ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಪರದೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದು ಪ್ರಿಂಟಿಗೆ ಬಾರದು. ಕಿರಣ ಹಿಡಿಯುವ ಫಲಕದ (ಡಿಟೆಕ್ಟರ್) ಒಂದು ಪಿಕ್ಸೆಲ್ 0.14 ಮಿ.ಮೀ. ಇದ್ದರೆ 20 ಸೆಂ.ಮೀ. ಬಂಗಡೆಗೆ ಸಿಗುವುದು ಸುಮಾರು 1430 ಪಿಕ್ಸೆಲ್. 200ರ ಲೆಕ್ಕದಲ್ಲಿ 7 ಇಂಚು. ಅಂದರೆ ಮೀನಿನಷ್ಟೇ ದೊಡ್ಡ ಚಿತ್ರಕ್ಕೆ ಹೆಚ್ಚುಕಮ್ಮಿ ಸಾಕು, ಹಿಗ್ಗಿಸಲು ಸಾಲದು.

ಒಣಗಿದ ಕಡಲಕುದುರೆಯ ಆಸೆ ಮಾತ್ರ ಬೇಡ. ಅದು ವನ್ಯಜೀವಿ ಕಾಯ್ದೆಯಡಿ ಸಂರಕ್ಷಿತ, ಮನೆಯಲ್ಲಿಟ್ಟುಕೊಂಡರೇ ಅಪರಾಧ.

ಕೋಡಿಬಾಗ_ಮನೆ:
ಒಳಗೋಡೆಯೇ ಸರಿ. ಅದೂ ಚಿರೆಕಲ್ಲೇ, ಮೊಳೆ ಹೊಡೆದರೆ ಉದುರುತ್ತದೆ.

ಸಾಗವಾನಿ_ಶಿರಸಿ:
ಹೊಡೆಯಬೇಡಿ, ಕೊರೆಯಿರಿ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, 8 ಮಿ.ಮೀ. ಬಿಟ್‌ನಲ್ಲಿ ಎರಡೂವರೆ ಇಂಚು ಆಳ. ಪುಡಿ ಊದಿ ತೆಗೆದು ಪ್ಲಾಸ್ಟಿಕ್ ಗಿಟ್ಟಿ, ಸ್ಟೇನ್‌ಲೆಸ್ ಸ್ಕ್ರೂ. ಸಾದಾ ಕಬ್ಬಿಣದ್ದು ಉಪ್ಪುಗಾಳಿಗೆ ತುಕ್ಕು ಹಿಡಿದು ಗೋಡೆಗೆ ಕೆಂಪು ಗೆರೆ ಇಳಿಸುತ್ತದೆ. ಒಂದು ಫ್ರೇಮಿಗೆ ಎರಡು ಸ್ಕ್ರೂ ಇರಲಿ, ಬಾಗಿಲು ಬಡಿದಾಗ ಓರೆಯಾಗುವುದಿಲ್ಲ.